ಬೀಗರ ಮುಂದಿನ ದನಿ

ಜಗಳವಿಲ್ಲದ ಮನೆ ಎಂದರೆ ಯಾರೂ ಇಲ್ಲದ ಮನೆ ಎಂದೇ ನಮ್ಮ ಹಿರಿಯರು ತಿಳಿದಿದ್ದರು. ಎಲ್ಲರ ಮನೆ ದೋಸೆಯೂ ತೂತೇ ಎಂದುಕೊಂಡು, ಬೈದು, ಬೈಸಿಕೊಂಡು, ಅತ್ತು, ಮತ್ತೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಆ ತೂತನ್ನು ಮುಚ್ಚಿಬಿಡುತ್ತೇನೆ ಎಂದು ಹೊರಟವನು ಹುಬ್ಬಳ್ಳಿಯ ಈರಣ್ಣ ಹೆಬಸೂರ. ಮುಚ್ಚಿಯೂ ಬಿಟ್ಟ, ಪುಣ್ಯಾತ್ಮ.

ಈರಣ್ಣ ಧ್ವನಿವಿಜ್ಞಾನದ ಇಂಜಿನಿಯರ್. ತಾರಿಹಾಳದ ಕೈಗಾರಿಕಾ ವಸಾಹತಿನಲ್ಲಿದ್ದ ಕಂಪನಿಯೊಂದರ ಪ್ರಯೋಗಶಾಲೆ ಅವನ ಕೈಯಲ್ಲಿತ್ತು. ಮನೆಮನೆಗೆ ಸ್ಪೀಕರ್ ಕೂರಿಸುವುದು ಆ ಕಂಪನಿಯ ಕಸುಬು. ಪಡಸಾಲೆಗೆರಡು, ಅಡುಗೆಮನೆಗೊಂದು, ಮಲಗುವ ಕೋಣೆಗೊಂದು, ದೇವರ ಮನೆಗೊಂದು. ಬೆಳಿಗ್ಗೆ ಹಚ್ಚಿದ ವಚನ ಮನೆಯೊಡೆಯ ಹಲ್ಲುಜ್ಜುತ್ತ ಎಲ್ಲೆಲ್ಲಿ ಅಡ್ಡಾಡಿದರೂ ಹಿಂದೆ ಹಿಂದೆ ಬರುತ್ತಿತ್ತು. ಕೆಲವು ವರ್ಷ ಜನ ಅದಕ್ಕೆ ಮರುಳಾದರು. ಆಮೇಲೆ ಅದೂ ಹಳತಾಯಿತು.

"ಈರಣ್ಣಾ, ಮಂದಿ ಹಾಡು ಕೇಳಾಕ ಸ್ಪೀಕರ್ ಕೊಳ್ಳೂ ಕಾಲ ಮುಗೀತು" ಎಂದ ಒಂದು ದಿನ ಕಂಪನಿಯ ಯಜಮಾನ ಕಲ್ಮೇಶ ಸಾವಕಾರ. "ಈಗ ಅವರಿಗೆ ಬೇಕಾದದ್ದು ಮನ್ಯಾಗ ಸಮಾಧಾನ. ಅದನ್ನ ಕೊಡಾಕ ಬರ್ತೈತೇನು ಹೇಳು."

ಬರುತ್ತದೆ ಎಂದ ಈರಣ್ಣ. ಬರುವುದಿಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಅವನ ಲೆಕ್ಕ ಸರಳವಾಗಿಯೇ ಇತ್ತು. ದನಿಯೆಂದರೆ ಗಾಳಿಯಲ್ಲೇಳುವ ಅಲೆ. ಅದು ಏರಿದ ಕಡೆ ಇಳಿಯುವ, ಇಳಿದ ಕಡೆ ಏರುವ ಇನ್ನೊಂದು ಅಲೆಯನ್ನು ಅದೇ ಕ್ಷಣಕ್ಕೆ ಬಿಟ್ಟರೆ ಎರಡೂ ಸೇರಿ ಸೊನ್ನೆ. ಕಿವಿಗೆ ಹಾಕಿಕೊಳ್ಳುವ ಸಾಧನಗಳಲ್ಲಿ ಈ ಉಪಾಯ ಎಂದೋ ಬಂದಿತ್ತು. ಈರಣ್ಣ ಅದನ್ನು ಇಡೀ ಕೋಣೆಗೆ ತಂದ. ಆದರೆ ಬರೀ ಅಳಿಸುತ್ತ ಹೋದರೆ ಮನೆ ಮೂಕವಾಗುತ್ತದಲ್ಲ? ಅದಕ್ಕೆ ಎರಡನೆಯ ಹೆಜ್ಜೆ ಇಟ್ಟ. ಆಡಿದವರ ದನಿಯನ್ನು ಅಳಿಸಿ, ಅವರ ಅದೇ ಮಾತನ್ನು ಅವರದೇ ದನಿಯಲ್ಲಿ, ಆದರೆ ಹದವಾಗಿ, ಸ್ಪೀಕರು ಮತ್ತೆ ಆಡಬೇಕು. ಮಾತಿನಲ್ಲಿ ಒಂದಕ್ಷರ ಬದಲಾಗಬಾರದು, ಕಾವು ಮಾತ್ರ ಇಳಿಯಬೇಕು. ಯಂತ್ರಕ್ಕೆ 'ಹದ' ಎಂದೇ ಹೆಸರಿಟ್ಟ.

ಯಾವುದು ಹದ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಗದ್ದಲವೇ ಕೆಲವು ಮನೆಗಳ ಜಾಯಮಾನ, ಪಿಸುಮಾತೇ ಕೆಲವುಗಳದು. ಆದ್ದರಿಂದ ಕೂರಿಸಿದ ಮೊದಲ ವಾರ ಯಂತ್ರ ಏನೂ ಮಾಡದೆ ಸುಮ್ಮನೆ ಕೇಳುತ್ತ ಕೂರುತ್ತದೆ. ಅದಕ್ಕೆ 'ಪಾಠದ ವಾರ' ಎನ್ನುತ್ತಿದ್ದರು. ಆ ವಾರ ಕೇಳಿದ್ದೇ ಆ ಮನೆಯ ಹದ. ಮುಂದೆ ಅದರ ಹೊರಗಿನದೆಲ್ಲ ಗದ್ದಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಈರಣ್ಣನಿಗೆ ತನ್ನ ಯಂತ್ರ ಹಾಗಾಗಿತ್ತು. ಇದ್ದೊಬ್ಬ ಮಗಳು ನೀಲಾಳ ಮದುವೆ ಗದಗಿನಲ್ಲಿ ಅಚ್ಚುಕೂಟ ನಡೆಸುವ ವಿರೂಪಾಕ್ಷನ ಜತೆ ಆದಾಗ, ಉಡುಗೊರೆಯಾಗಿ ಏನು ಕೊಡಬೇಕೆಂದು ಅವನು ಯೋಚಿಸಲೂ ಇಲ್ಲ. ವೈಶಾಖದ ಬಿಸಿಲಲ್ಲಿ ಪೆಟ್ಟಿಗೆಗಳನ್ನು ಹೇರಿಕೊಂಡು, ಹೆಂಡತಿ ಶಿವಲೀಲಾಳನ್ನೂ ಕರೆದುಕೊಂಡು ಗದಗಿಗೆ ಹೋದ. ಬೇರೆಯವರನ್ನು ಕಳಿಸಬಹುದಿತ್ತು, ಆದರೆ ಮಗಳ ಮನೆಗೆ ತನ್ನ ಕೈಯಾರೆ ಕೂರಿಸಬೇಕೆಂಬ ಹಂಬಲ.

ಎರಡಂತಸ್ತಿನ ಮನೆ. ಈರಣ್ಣ ಏಣಿ ಹತ್ತಿ ಇಳಿದು ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲ ಪಕ್ಕದ ಓಣಿ, ಮೇಲಿನ ಕೋಣೆಗಳು ಎಲ್ಲೆಡೆ ಸ್ಪೀಕರ್ ಹೂಡಿದ. ಹುಬ್ಬಳ್ಳಿಯ ತನ್ನ ಮನೆಯ ಪಡಸಾಲೆಯನ್ನೂ ಇದಕ್ಕೇ ಜೋಡಿಸಿದ, ಎರಡೂರಿನ ಮನೆಗಳು ಒಂದೇ ಮನೆಯ ಎರಡು ಕೋಣೆಗಳ ಹಾಗೆ. ಇನ್ನು ಮಾತಾಡಲು ಫೋನೇ ಬೇಡ, ಇದ್ದಲ್ಲಿಂದ ಕರೆದರೆ ಸಾಕು.

"ಪಾಠದ ವಾರ ಮುಗಿಯೂ ತನಾ ಇಲ್ಲೇ ಇದ್ದುಬಿಡ್ರಿ ಬೀಗರ" ಎಂದಳು ವಿರೂಪಾಕ್ಷನ ತಾಯಿ ಬಸಲಿಂಗವ್ವ. ಗಂಡ ತೀರಿದ ಮೇಲೆ ಮನೆ ಮತ್ತು ಅಚ್ಚುಕೂಟ ಎರಡನ್ನೂ ಎತ್ತಿ ನಿಲ್ಲಿಸಿದ ಗಟ್ಟಿ ಹೆಂಗಸು. ಈರಣ್ಣ ಮತ್ತು ಶಿವಲೀಲಾ ಉಳಿದರು.

ಆ ವಾರದ ಚಂದವನ್ನೇನು ಹೇಳಲಿ! ಸೊಸೆಯ ಕೈಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದರೆ "ಉಕ್ಕಲಿ ಬಿಡವಾ, ಛಲೋ ಶಕುನ" ಎಂದಳು ಬಸಲಿಂಗವ್ವ. ವಿರೂಪಾಕ್ಷ ಅಚ್ಚುಕೂಟದಿಂದ ಹಸಿದು ಬಂದವನು ಊಟ ತಡವಾದರೂ ನಗುತ್ತ ಕೂತ. ನೀಲಾ ಅಂತೂ ಅಪ್ಪ ಅವ್ವ ಕಣ್ಣ ಮುಂದಿರುವ ಹಿಗ್ಗಿನಲ್ಲಿ ಕೋಗಿಲೆಯಾಗಿದ್ದಳು. ಆಗುವುದೇ ಹಾಗೆ. ಮನೆಯಲ್ಲಿ ಬೀಗರು ಕೂತಿರುವಾಗ ನಮ್ಮಲ್ಲಿ ಯಾವ ಅತ್ತೆ ದನಿ ಎತ್ತುತ್ತಾಳೆ, ಯಾವ ಅಳಿಯ ತಾಟು ನೂಕುತ್ತಾನೆ? ಬೀಗರ ಮುಂದೆ ಬೆಣ್ಣೆ, ಬೆನ್ನ ಹಿಂದೆ ಸುಣ್ಣ. ಇದು ಗೊತ್ತಿಲ್ಲದ ಕನ್ನಡಿಗನಿಲ್ಲ. ಆದರೆ ಅಷ್ಟು ಓದಿದ ಈರಣ್ಣ, ಯಂತ್ರ ಪಾಠ ಕಲಿಯುತ್ತಿರುವ ವಾರವೇ ತಾನು ಬೀಗನಾಗಿ ಪಡಸಾಲೆಯಲ್ಲಿ ಕೂತಿದ್ದೇನೆ ಎಂಬುದನ್ನು ಒಂದು ಸಲವೂ ನೆನೆಯಲಿಲ್ಲ. ಹೊರದೇಶದ ವಿಜ್ಞಾನಿ ಯಾರೇ ಆದರೂ ಈ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ಬೀಗತನದ ಗೊಡವೆಯೇ ಇಲ್ಲವಲ್ಲ.

ಹುಬ್ಬಳ್ಳಿಗೆ ಮರಳಿದ ಮೇಲೆ ದಿನಾ ಸಂಜೆ ಪಡಸಾಲೆಯ ಗೋಡೆಯಿಂದ ಮಗಳ ದನಿ ಬರತೊಡಗಿತು. "ಅಪ್ಪಾ, ಚಾ ಆತೇನ್ರಿ? ಅವ್ವ ಎಲ್ಲದಾಳ?" ತಂಪಾದ, ತಿದ್ದಿದ, ನಗು ಬೆರೆತ ದನಿ. ಈರಣ್ಣ ಕಾಲು ಚಾಚಿ ಕೂತು ಕೇಳುತ್ತಿದ್ದ. ತನ್ನ ಮಗಳು, ತನ್ನ ಯಂತ್ರ. ಎದೆ ತುಂಬಿ ಬರುತ್ತಿತ್ತು.

ಜ್ಯೇಷ್ಠ ಮುಗಿಯುವಾಗ ಒಂದು ಸಂಜೆ ಅದೇ ದನಿ ಹೇಳಿತು: "ಅಪ್ಪಾ, ನನಗ ಇಲ್ಲಿ ಆಗವಲ್ದು. ಇವರು ಹೊಡಿತಾರ. ಬಂದು ಕರಕೊಂಡು ಹೋಗ್ರಿ."

ಚಹಾ ಆಯಿತೇ ಎಂದು ಕೇಳುವ ದನಿಯಲ್ಲೇ ಬಂತು ಆ ಮಾತು. ಈರಣ್ಣ ನಕ್ಕುಬಿಟ್ಟ. "ಏ ಹುಚ್ಚಿ, ಇಷ್ಟ ಲಗೂನ ತವರುಮನಿ ನೆನಪಾತೇನು? ಹೊಡಿಯವ ಮುಖ ನಾ ನೋಡೇನಿ ಬಿಡು. ಪಂಚಮಿ ಬರ್ಲಿ, ನಾನ ಬರ್ತೀನಿ."

ಗೋಡೆ "ಆತ್ರಿ ಅಪ್ಪಾ" ಎಂದಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ಕೈಯಲ್ಲಿನ ಸಟ್ಟುಗ ಹಾಗೇ ಹಿಡಿದು ಬಂದಳು. "ಏನಂದ್ಲು ಅಕಿ? ಹೊಡಿತಾರ ಅಂದ್ಲಲ್ಲ?"

"ಚ್ಯಾಷ್ಟಿ ಮಾಡ್ಯಾಳ. ದನಿ ಕೇಳಲಿಲ್ಲೇನು? ನಗಾಕತ್ತಿದ್ಲು."

"ದನಿ ನಗಾಕತ್ತಿತ್ರಿ. ಮಾತು ನಗಾಕತ್ತಿರಲಿಲ್ಲ. ಈಗ ಎಷ್ಟೋ ದಿನದಿಂದ ನೋಡಾಕತ್ತೀನಿ, ಅಕಿ ದನಿ ಏರೂದೂ ಇಲ್ಲ, ಇಳಿಯೂದೂ ಇಲ್ಲ. ಜ್ವರ ಬಂದಾಗೂ ಹಂಗ, ನೆಗಡಿ ಆದಾಗೂ ಹಂಗ. ಒಮ್ಮೆ ಹೋಗಿ ನೋಡಿ ಬರೂಣ್ರಿ."

"ಯಂತ್ರ ಮಾಡಿದವ ನಾನೋ ನೀನೋ?" ಎಂದ ಈರಣ್ಣ. ಶಿವಲೀಲಾ ಸಟ್ಟುಗ ಹಿಡಿದು ಅಡುಗೆಮನೆಗೆ ತಿರುಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮಾತು ಬಂದ ಮೇಲೆ ಮುಂದುವರಿಸಿ ಗೆದ್ದದ್ದು ಆಕೆಗೆ ನೆನಪಿಲ್ಲ. ನೀಲಾ ಇನ್ನೊಮ್ಮೆ ಕೂಡ ಹಾಗೆಯೇ ಕೇಳಿದಳು, ಈರಣ್ಣ ಇನ್ನೊಮ್ಮೆ ಹಾಗೆಯೇ ನಕ್ಕ. ಆಮೇಲೆ ಆಕೆ ಕೇಳಲಿಲ್ಲ.

ಇತ್ತ ತಾರಿಹಾಳದಲ್ಲಿ 'ಹದ' ಬಿಸಿ ಮಿರ್ಚಿಯ ಹಾಗೆ ಖರ್ಚಾಗುತ್ತಿತ್ತು. ಹುಬ್ಬಳ್ಳಿ, ಗದಗು, ಬಾಗಲಕೋಟೆ ಎಲ್ಲ ಕಡೆ. ಉಳ್ಳವರ ಓಣಿಗಳೆಲ್ಲ ತಣ್ಣಗಾದವು. ಆಗ ಒಂದು ದಿನ ಈರಣ್ಣನ ಕೈಕೆಳಗಿನ ಇಂಜಿನಿಯರ್ ರಝಿಯಾ, ಮುಖ ಸಣ್ಣ ಮಾಡಿಕೊಂಡು ಪ್ರಯೋಗಶಾಲೆಗೆ ಬಂದಳು.

"ಸರ್, ಬಾಗಲಕೋಟಿಯಿಂದ ಒಂದು ದೂರು. ಅವರ ಮನ್ಯಾಗ ಕೂಸು ಅತ್ರ ಯಾರಿಗೂ ಕೇಳ್ಸೂದಿಲ್ಲಂತ. ತೊಟ್ಟಿಲದಾಗ ಅತ್ತು ಅತ್ತು ನೀಲಿಗಟ್ಟಿತ್ತಂತ, ಪುಣ್ಯಾಕ ಅವರಜ್ಜಿ ಹಣಿಕಿ ನೋಡ್ಯಾಳ."

ಈರಣ್ಣ ಎರಡು ಪ್ರಶ್ನೆ ಕೇಳಿದ, ಕಾರಣ ತಾನೇ ಹೇಳಿದ: "ಪಾಠದ ವಾರ ಬಾಣಂತಿ ಕೂಸಿನ ಜೋಡಿ ತವರಿಗೆ ಹೋಗಿದ್ಲು. ಯಂತ್ರಕ್ಕ ಕೂಸು ಗೊತ್ತ ಇಲ್ಲ. ಗೊತ್ತಿಲ್ಲದ್ದು ಗದ್ದಲ. ಯಂತ್ರದ ತಪ್ಪೇನಿಲ್ಲವ್ವಾ, ಮಂದಿ ಪಾಠ ತಪ್ಪು ಕೊಟ್ಟಾರ. ಮತ್ತೊಮ್ಮೆ ಕಲಿಸಾಕ ಹೇಳು."

"ಹಂಗಾರ ಇನ್ನ ಎಷ್ಟು ಮನ್ಯಾಗ ತಪ್ಪು ಪಾಠ ಆಗೈತೋ ಏನೋ ಸರ್" ಎಂದಳು ರಝಿಯಾ.

"ಅದು ಅವರವರ ಮನೀದು" ಎಂದ ಈರಣ್ಣ. ಬಾಗಲಕೋಟೆಯ ತಪ್ಪನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಿಡಿದವನಿಗೆ ಗದಗು ನೆನಪಾಗಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಜಾತಿ ನಮ್ಮದು.

ಶ್ರಾವಣ ಬಂತು. ಮದುವೆಯಾದ ಮೊದಲ ಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಅಣ್ಣನೋ ತಮ್ಮನೋ ಹೋಗಬೇಕು. ನೀಲಾಳಿಗೆ ಒಡಹುಟ್ಟಿದವರಿಲ್ಲ, ಈರಣ್ಣನೇ ಹೊರಟ. ಶಿವಲೀಲಾ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿ ಹಿಡಿದು ಗದಗಿನ ಮನೆಯ ಪಡಸಾಲೆಯಲ್ಲಿ ಕೂತ.

ನೀಲಾ ನೀರಿನ ತಂಬಿಗೆ ತಂದಳು. "ಆರಾಮದೀರೇನ್ರಿ ಅಪ್ಪಾ?" ಎಂದಿತು ಮಾತು, ಇಂಪಾಗಿ.

ಈರಣ್ಣ ಮುಖ ಎತ್ತಿ ನೋಡಿದ. ಮಗಳ ಕಣ್ಣಿಂದ ನೀರು ಗಲ್ಲಕ್ಕಿಳಿಯುತ್ತಿತ್ತು. ತುಟಿ ಸೊಟ್ಟಗಾಗಿತ್ತು. ಕೊರಳ ನರ ಹುರಿಯಾಗಿ ಬಿಗಿದಿತ್ತು. ಜೀವಮಾನವೆಲ್ಲ ದನಿಯ ಜತೆ ಬದುಕಿದವನಿಗೆ ಅದು ಯಾವ ಕೊರಳೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಕಿರುಚುವ ಕೊರಳು. ಕೇಳಿಸಿದ್ದು ಮಾತ್ರ "ಎಷ್ಟ ದಿನ ಆತ್ರಿ ಬಂದು" ಎಂಬ ಮೆಲುಮಾತು.

ಒಳಬಾಗಿಲಲ್ಲಿ ಬಸಲಿಂಗವ್ವ ಬಂದು ನಿಂತಳು. ಹುಬ್ಬು ಗಂಟು, ಬಾಯಿ ಅಗಲ, ಸೊಸೆಯತ್ತ ಚಾಚಿದ ಕೈ. "ಬೀಗರಿಗೆ ಚಾ ತರೂದ ಬಿಟ್ಟು ಏನ ನಿಂತಿ ಮೂಳಿ" ಎಂಬ ಬೈಗುಳ, ದೇವರ ಮುಂದೆ ಆರತಿ ಹಾಡುವ ಹಾಗೆ ತೇಲಿ ಬಂತು. ಈರಣ್ಣ ಕೂತಿದ್ದಾನೆಂದು ಆಕೆ ಮುಖ ಮರೆಸಿಕೊಳ್ಳಲೂ ಇಲ್ಲ. ದನಿಯ ಜವಾಬ್ದಾರಿಯನ್ನು ಗೋಡೆ ಹೊತ್ತ ಮೇಲೆ ಆ ಮನೆಯಲ್ಲಿ ಮುಖವನ್ನು ಯಾರೂ ಕಾಯುತ್ತಿರಲಿಲ್ಲ.

ತನ್ನ ಯಂತ್ರ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದೆ ಎಂಬುದು ಈರಣ್ಣನಿಗೆ ಮೊದಲು ಹೊಳೆಯಿತು, ಏನು ಕೆಲಸ ಮಾಡುತ್ತಿದೆ ಎಂಬುದು ಆಮೇಲೆ. ಎದ್ದವನೇ ಮಗಳ ರಟ್ಟೆ ಹಿಡಿದು ಹೊರಗೆ ನಡೆದ. ರಟ್ಟೆ ಮುಟ್ಟಿದ್ದಕ್ಕೆ ನೀಲಾ ನೋವಿಗೆ ಮುದುಡಿದಳು. ಕುಬಸದ ತೋಳಿನ ಕೆಳಗೆ ಕಂದಿದ ಬರೆ ಕಂಡಿತು. "ಅಪ್ಪಾ ಎಲ್ಲಿಗ್ರಿ" ಎಂದು ಮೆಲ್ಲಗೆ ಶುರುವಾದ ಅವಳ ಮಾತು, ಹೊಸ್ತಿಲು ದಾಟಿದ್ದೇ ತಡ, ಓಣಿಯೆಲ್ಲ ತಿರುಗಿ ನೋಡುವ ಹಾಗೆ ಒಡೆಯಿತು. ಪಾಠದ ವಾರ ಮುಗಿದ ಮೇಲೆ ಈರಣ್ಣ ಮಗಳ ಸ್ವಂತ ದನಿ ಕೇಳಿದ್ದು ಅದೇ ಮೊದಲು.

"ನಿಮಗ ಕೇಳ್ತಿತ್ತಲ್ಲ? ಅಪ್ಪಾ, ನಿಮಗೆಲ್ಲಾ ಕೇಳ್ತಿತ್ತಲ್ಲ?"

"ಇಲ್ಲವ್ವಾ. ನನಗ... ನೀ ನಗಾಕತ್ತೀ ಅಂತ..."

"ನೀವ ಮಾಡಿದ್ದಲ್ಲೇನ್ರಿ ಅದು! ಈ ಮಂದೀಗೆ ಕೇಳ್ಸಂಗಿಲ್ಲ, ನಮ್ಮಪ್ಪಗ ಕೇಳ್ತಿರ್ತೈತಿ, ಮಾಡಿದವಗ ಕೇಳಲಾರದಂಗ ಹೆಂಗಿರ್ತೈತಿ ಅಂತ ನಾ ದಿನಾ ಒದರೀನಿ. ನೀವು ನಕ್ರಿ. ನಾ ಅಳಾಕತ್ರ ನೀವು ನಕ್ರಿ."

ಈರಣ್ಣ ಉಂಡಿಯ ಡಬ್ಬಿಯನ್ನು ಅಲ್ಲೇ ಬಿಟ್ಟು, ಉಟ್ಟ ಸೀರೆಯ ಮೇಲೇ ಮಗಳನ್ನು ಕರೆದುಕೊಂಡು ಬಂದ.

ವಿರೂಪಾಕ್ಷ ಹೊಡೆಯುತ್ತಿದ್ದ. ಮೊದಲು ಯಾವಾಗಲಾದರೊಮ್ಮೆ, ಆಮೇಲೆ ಬೇಕೆನಿಸಿದಾಗ. ಹಳೆಯ ಕಾಲದ ಮನೆಯಾಗಿದ್ದರೆ ಮೊದಲ ಏಟಿಗೇ ಹೆಂಡತಿ ಚೀರುತ್ತಿದ್ದಳು, ಆ ಚೀರಿಗೆ ಅವನ ಕೈ ಹಿಂಜರಿಯುತ್ತಿತ್ತೋ ಏನೋ. ಮಗ್ಗುಲ ಮನೆಯ ಮುದುಕಿ "ಏನಾತ್ರವ್ವಾ" ಎಂದು ಗೋಡೆಯ ಮೇಲಿಂದ ಇಣುಕುತ್ತಿದ್ದಳು. ಜಗಳದ ಸದ್ದೆಂದರೆ ನಾಲ್ಕು ಜನರನ್ನು ಬನ್ನಿ ಎಂದು ಕರೆಯುವ ಕರೆ. ಈರಣ್ಣ ಆ ಕರೆಯನ್ನೇ ಅಳಿಸಿದ್ದ. ಹೊಡೆದರೂ ಸದ್ದಿಲ್ಲ, ಅತ್ತರೂ ಸದ್ದಿಲ್ಲ. ತಾನು ಹೊಡೆದೆ ಎಂಬುದು ಹೊಡೆದವನಿಗೇ ತಿಳಿಯದ ಹಾಗೆ ಆ ಮನೆ ಆಗಿಬಿಟ್ಟಿತ್ತು.

ಈರಣ್ಣ ಕಂಪನಿಯಲ್ಲಿ ಬಾಯಿ ಬಿಟ್ಟ. ಕೂರಿಸಿದ ಯಂತ್ರಗಳನ್ನೆಲ್ಲ ನಿಲ್ಲಿಸೋಣ ಎಂದ. ಕಲ್ಮೇಶ ಸಾವಕಾರ ಕುರ್ಚಿ ಎಳೆದು ಕೂರಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ: "ನಿನ್ನ ಮಗಳ ಮನಿ ವಿಷಯ ಬ್ಯಾರೆ, ಈರಣ್ಣಾ. ಅಷ್ಟು ಮನಿ ಸಮಾಧಾನ ಕಸಗೊಳ್ಳಾಕ ನೀ ಯಾರು?" ಮರುದಿನದಿಂದ ಪ್ರಯೋಗಶಾಲೆಯ ಬಾಗಿಲು ಈರಣ್ಣನ ಬೆರಳಿಗೆ ತೆರೆಯಲಿಲ್ಲ.

ನೀಲಾ ಸೋಡಚೀಟಿ ಕೇಳಿದಳು. ಈ ಮದುವೆಯಿಂದ ಬಿಡುಗಡೆ ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ. ಕೋರ್ಟಿಗೆ ಹೋಗುವ ಮೊದಲು ಹಿರಿಯರು ಕೂಡಬೇಕು ಎಂದರು ಎರಡೂ ಕಡೆಯ ನೆಂಟರು. ಹಿರಿಯರು 'ಹೆಣ್ಣಿನದು ನ್ಯಾಯ' ಎಂದರೆ ಬಸಲಿಂಗವ್ವ ತಕರಾರಿಲ್ಲದೆ ಬಿಟ್ಟುಕೊಡುತ್ತಾಳೆ. ಇಲ್ಲವಾದರೆ ವರ್ಷಗಟ್ಟಲೆ ಎಳೆದಾಟ, ಊರೆಲ್ಲ ಕೆಟ್ಟ ಹೆಸರು. ಮಠದ ಅಂಗಳದ ಬೇವಿನ ಗಿಡದ ಕೆಳಗೆ ಜಮಖಾನ ಹಾಸಿ ಕೂತರು. ಮುಂದಾಳು ಮಲ್ಲನಗೌಡರು.

ಬಸಲಿಂಗವ್ವನ ಮಗ್ಗುಲ ಮನೆಯ ಕಾಶವ್ವ ಮೊದಲು ಎದ್ದಳು. ನಿಯತ್ತಿನ ಮುದುಕಿ. "ಸುಳ್ಳ ಹೇಳಿದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ. ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ನಮ್ದು. ಒಂದ ದಿನಾನೂ ಅಲ್ಲಿ ಏರಿದ ದನಿ ಕೇಳಿಲ್ಲ." ಸುಳ್ಳೇನಿರಲಿಲ್ಲ. ಅವಳು ಕೇಳಿರಲಿಲ್ಲ.

ಈರಣ್ಣ ಎದ್ದು ನಿಂತು ಎಲ್ಲವನ್ನೂ ಹೇಳಿದ. ಅಲೆ, ಅಳಿಸುವುದು, ಪಾಠದ ವಾರ, ಬೀಗನಾಗಿ ತಾನು ಕೂತಿದ್ದ ಮೂರ್ಖತನ. ಹೇಳುತ್ತ ಹೇಳುತ್ತ ಹಿರಿಯರ ಮುಖ ಗಂಟಾಗುವುದು ಅವನಿಗೆ ಕಂಡಿತು. ಅಲ್ಲಿ ಕೂತಿದ್ದ ಮುಕ್ಕಾಲು ಜನರ ಮನೆಯಲ್ಲಿ 'ಹದ' ಇತ್ತು.

"ಹಂಗಾರ ನಮ್ಮ ಮನಿ ಸುಖಾನೂ ಸುಳ್ಳೇನ್ರಿ?" ಎಂದರು ಮಲ್ಲನಗೌಡರು. "ನಮ್ಮ ಸೊಸ್ತ್ಯಾರು ಇಷ್ಟು ಛಂದ ಮಾತಾಡೂದು ನಿಮ್ಮ ಡಬ್ಬಿಯಿಂದೇನು?"

ಹೌದು ಎಂದರೆ ಅಷ್ಟೂ ಮನೆಗಳ ಮಾನ ತೆಗೆದಂತೆ. ಈರಣ್ಣ ಹೌದು ಎಂದ. ಯಾರೂ ನಂಬಲಿಲ್ಲ, ನಂಬಿದವರು ನಂಬಿದೆವೆಂದು ಒಪ್ಪಲಿಲ್ಲ.

"ಹುಡುಗಿ ಹೇಳ್ಲಿ" ಎಂದರು ಕೊನೆಗೆ.

ನೀಲಾ ಎದ್ದಳು. ಎಷ್ಟು ಕೂಗಿದರೂ ಮೆಲ್ಲಗಾಗಿಯೇ ಕೇಳುವ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದವಳಿಗೆ ಎಷ್ಟು ದನಿ ತೆಗೆದರೆ ಎಷ್ಟು ಎಂಬ ಅಂದಾಜೇ ತಪ್ಪಿತ್ತು. ಅವಳ ಮಾತು ಅಂಗಳಕ್ಕೆ ಬಡಿಯಿತು. ಹೊಡೆದದ್ದು, ಮೇಲಿನ ಕೋಣೆಯಲ್ಲಿ ಕೂಡಿಹಾಕಿದ್ದು, ಒದರಿದ್ದು, ಯಾರೂ ಬಾರದ್ದು. ಒಡಕು ಒಡಕಾಗಿ, ಬಿಕ್ಕುತ್ತ, ಕರ್ಕಶವಾಗಿ, ಇದ್ದದ್ದು ಇದ್ದ ಹಾಗೆ. ಬೇವಿನ ಗಿಡದ ಕಾಗೆಗಳು ಎದ್ದುಹೋದವು. ಎಷ್ಟೋ ಕಾಲದಿಂದ ಹಸಿ ದನಿಯನ್ನೇ ಕೇಳದ ಹಿರಿಯರು ಕಿವಿಗೆ ಕೈ ಹಚ್ಚಿದರು. "ಯವ್ವಾ, ಏನ್ ದನಿಯವಾ ಇದು" ಎಂದು ಕಾಶವ್ವ ಸೆರಗು ಬಾಯಿಗಿಟ್ಟಳು. "ಇಂಥಾ ಬಾಯಿ ಇದ್ರ ಯಾವ ಗಂಡ ಸುಮ್ಮನಿರ್ತಾನ" ಎಂದರು ಯಾರೋ.

ಈರಣ್ಣ ಮಗಳ ಮಗ್ಗುಲಲ್ಲೇ ಇದ್ದ. ಅವನ ಕಿವಿಯೂ ಅದೇ ಯಂತ್ರದಲ್ಲಿ ಪಳಗಿದ್ದ ಕಿವಿ. ಬೇಕೆಂದು ಮಾಡಲಿಲ್ಲ, ಕೈ ತಾನಾಗಿಯೇ ಎದ್ದಿತು, ಬಾಯಿ ತಾನಾಗಿಯೇ ಆಡಿತು: "ಮೆಲ್ಲಕ, ನೀಲಾ. ಮೆಲ್ಲಕ ಮಾತಾಡವ್ವಾ."

ನೀಲಾ ಅರ್ಧ ಮಾತಿಗೇ ನಿಲ್ಲಿಸಿದಳು. ಅಪ್ಪನ ಮುಖವನ್ನು ನೋಡಿದಳು. ಅವನ ಎತ್ತಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅವಳು ಕೂತುಬಿಟ್ಟಳು.

"ನೋಡ್ರಿ, ತಂದಿ ಒಂದು ಮಾತಿಗೆ ಹೆಂಗ ತಣ್ಣಗಾದ್ಲು" ಎಂದರು ಮಲ್ಲನಗೌಡರು. "ಹುಡುಗಿ ಕೆಟ್ಟಾಕಿ ಏನಲ್ಲ. ನಾಲ್ಕು ದಿನ ಇಟಗೊಂಡು, ಬುದ್ಧಿ ಹೇಳಿ ಕಳಿಸಿಕೊಡ್ರಿ."

ಶಿವಲೀಲಾ ಎದ್ದು ಮಗಳ ಕೈ ಹಿಡಿದಳು. "ನಿಮ್ಮ ನ್ಯಾಯ ನಿಮ್ಮ ಕಡೀನ ಇರ್ಲಿ. ಅಕಿನ್ನ ನಾ ಎಲ್ಲೂ ಕಳಸಂಗಿಲ್ಲ" ಎಂದು, ಗಂಡನ ದಾರಿ ಕಾಯದೆ ನಡೆದಳು.

ಮೊಕದ್ದಮೆ ಈಗ ಕೋರ್ಟಿನಲ್ಲಿದೆ. ಕಾಶವ್ವ ಅಲ್ಲಿಯೂ ಅದೇ ಸಾಕ್ಷಿ ಹೇಳಿದ್ದಾಳೆ. 'ಹದ' ಈಗ ಬೆಳಗಾವಿಯಲ್ಲೂ ಸಿಗುತ್ತದೆ. ಈರಣ್ಣ ತನ್ನ ಮನೆಯ ಸ್ಪೀಕರುಗಳನ್ನೆಲ್ಲ ಕಿತ್ತು, ತಂತಿ ಹರಿದು, ಗೋಡೆಯ ತೂತುಗಳಿಗೆ ಗಾರೆ ಮೆತ್ತಿದ್ದಾನೆ.

ಕೆಲಸವಿಲ್ಲದವನಾದ್ದರಿಂದ ಸಂಜೆ ಸುಮ್ಮನೆ ಅಡ್ಡಾಡಿಕೊಂಡು ಬರುತ್ತಾನೆ. ಗೇಟಿನ ಬಳಿ ಬರುವಾಗ ಅಡುಗೆಮನೆಯಿಂದ ನೀಲಾಳ ದನಿ ಕೇಳುತ್ತದೆ. ಅವ್ವನ ಜತೆ ಜಗಳವಾಡುತ್ತಿರುತ್ತಾಳೆ, ಅಳುತ್ತಿರುತ್ತಾಳೆ, ಗದಗಿನವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿರುತ್ತಾಳೆ, ಒಮ್ಮೊಮ್ಮೆ ಖೊಳ್ಳೆಂದು ನಗುತ್ತಿರುತ್ತಾಳೆ. ಈರಣ್ಣ ಅಲ್ಲೇ ಕಾಂಪೌಂಡಿಗೆ ಒರಗಿ, ಕೆಮ್ಮು ಬಂದರೂ ತಡೆದುಕೊಂಡು, ಆದಷ್ಟು ಹೊತ್ತು ಕೇಳುತ್ತ ನಿಲ್ಲುತ್ತಾನೆ. ಆಮೇಲೆ ಒಳಗೆ ಹೋಗಲೇಬೇಕಲ್ಲ. ಅವನ ಚಪ್ಪಲಿಯ ಸಪ್ಪಳ ಪಡಸಾಲೆಯಲ್ಲಿ ಕೇಳಿದ ಕೂಡಲೆ ಅಡುಗೆಮನೆ ಒಂದು ಕ್ಷಣ ಸುಮ್ಮನಾಗುತ್ತದೆ.

"ಬಂದ್ರೇನ್ರಿ ಅಪ್ಪಾ?" ಎನ್ನುತ್ತಾಳೆ ನೀಲಾ ಹೊರಗೆ ಬಂದು, ಬೀಗರೊಬ್ಬರನ್ನು ಮಾತಾಡಿಸುವ ಇಂಪಾದ ದನಿಯಲ್ಲಿ. "ಕೂಡ್ರಿ. ಚಾ ಮಾಡ್ಲಿ?"